ಡೆಲವೇರ್‌ನಲ್ಲಿ ಹೊಸ ಕಂಪನಿ ತೆರೆದರೆ ಜಮೀನಿನ ಕೇಸು ಫೆಡರಲ್ ಕೋರ್ಟಿಗೆ ಹೋಗುತ್ತದೆಯೇ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ನಿಮ್ಮ ಭಾವನವರ ಕಂಪನಿ ಟೆಕ್ಸಾಸ್‌ನದು. ತಕರಾರು ತೆಗೆದಿರುವ ಪಕ್ಕದ ಜಮೀನಿನವರೂ ಟೆಕ್ಸಾಸ್‌ನವರೇ. ಇಂಥ ಕೇಸನ್ನು ಫೆಡರಲ್ ಕೋರ್ಟು, ಅಂದರೆ ಅಲ್ಲಿನ ಕೇಂದ್ರದ ಕೋರ್ಟು, ತೆಗೆದುಕೊಳ್ಳಬೇಕಾದರೆ ಎರಡೂ ಕಡೆಯವರು ಬೇರೆ ಬೇರೆ ರಾಜ್ಯದವರಾಗಿರಬೇಕು. ಡೆಲವೇರ್‌ನಲ್ಲಿ ಹೊಸ ಕಂಪನಿ ಮಾಡಿ, ಜಮೀನನ್ನು ಅದರ ಹೆಸರಿಗೆ ಬರೆದುಕೊಟ್ಟು, 'ನಾವು ಬೇರೆ ರಾಜ್ಯದವರು' ಎಂದು ಫೆಡರಲ್ ಕೋರ್ಟಿಗೆ ಹೋಗಬಹುದಾ?

ಬೆಂಗಳೂರಿನಲ್ಲಿ ಕೂತು ಅಮೆರಿಕದ ವಕೀಲರಿಗೆ ಹಳೇ ತೀರ್ಪುಗಳನ್ನು ಹುಡುಕಿಕೊಡುವುದು ನನ್ನ ಕೆಲಸ. ನಾನು ಅಲ್ಲಿನ ವಕೀಲನಲ್ಲ, ಅದು ನೆನಪಿರಲಿ. ನನಗೆ ತಿಳಿದಂತೆ ಇಷ್ಟರಿಂದ ಕೆಲಸ ಆಗುವುದಿಲ್ಲ.

ಈ ಉಪಾಯ ತುಂಬಾ ಹಳೆಯದು. 1893ರಲ್ಲಿ ವರ್ಜೀನಿಯಾದ ಒಂದು ಕಲ್ಲಿದ್ದಲು ಕಂಪನಿ ಇದನ್ನೇ ಮಾಡಿತು. ಜಮೀನು ಅಲ್ಲಿಯದು, ಎದುರಾಳಿಗಳೂ ಅಲ್ಲಿಯವರು. ಷೇರುದಾರರು ಪೆನ್ಸಿಲ್ವೇನಿಯಾದಲ್ಲಿ ಲೀಹೈ ಮೈನಿಂಗ್ ಎಂಬ ಕಂಪನಿ ಹುಟ್ಟಿಸಿದರು. ಜಮೀನಿನ ಹಕ್ಕನ್ನು ಅದಕ್ಕೆ ಬರೆದು ಫೆಡರಲ್ ಕೋರ್ಟಿನಲ್ಲಿ ದಾವೆ ಹಾಕಿದರು. 1895ರಲ್ಲಿ ಸುಪ್ರೀಂ ಕೋರ್ಟ್ 'ಇದು ಇಲ್ಲಿಗೆ ಬರುವ ಕೇಸಲ್ಲ' ಎಂದಿತು. ಏಕೆಂದರೆ ಜಮೀನು ಬರೆದುಕೊಟ್ಟಿದ್ದಕ್ಕೆ ಒಂದು ಕಾಸೂ ಕೈಬದಲಾಗಿರಲಿಲ್ಲ. ಹಳೇ ಕಂಪನಿ ಹಾಗೇ ಇತ್ತು, ಷೇರುದಾರರೂ ಅವರೇ. ಕೇಸು ಮುಗಿದ ಮೇಲೆ ಜಮೀನನ್ನು ಪುಕ್ಕಟೆ ವಾಪಸ್ ಬರೆಸಿಕೊಳ್ಳಬಹುದಿತ್ತು. ನಮ್ಮ ಕಡೆ ಇದಕ್ಕೆ ಬೇನಾಮಿ ಅಂತಾರೆ, ಅಲ್ವಾ?

ಕ್ಯಾಲಿಫೋರ್ನಿಯಾದ ದನಗಳ ದೊರೆ ಮಿಲ್ಲರ್ ಅಂಡ್ ಲಕ್ಸ್ ಕಂಪನಿ ನೆವಾಡಾದಲ್ಲಿ ತನ್ನದೇ ಹೆಸರಿನ ಇನ್ನೊಂದು ಕಂಪನಿ ಕಟ್ಟಿ, ನದಿ ನೀರಿನ ಹಕ್ಕಿಗಾಗಿ ಇದೇ ಆಟ ಆಡಿತು. 1908ರಲ್ಲಿ ಅದೂ ಸೋತಿತು.

ಗೆದ್ದವರೂ ಇದ್ದಾರೆ. ಕೆಂಟಕಿಯ ಒಂದು ಟ್ಯಾಕ್ಸಿ ಕಂಪನಿ, ರೈಲ್ವೆ ನಿಲ್ದಾಣದ ಗುತ್ತಿಗೆ ಉಳಿಸಿಕೊಳ್ಳಲು, ತನ್ನನ್ನೇ ವಿಸರ್ಜಿಸಿಕೊಂಡು ಟೆನ್ನೆಸ್ಸೀಯಲ್ಲಿ ಹೊಸದಾಗಿ ನೋಂದಾಯಿಸಿಕೊಂಡಿತು. ಫೆಡರಲ್ ಕೋರ್ಟಿಗೆ ಹೋಗುವುದೇ ಉದ್ದೇಶ ಎಂದು ಎಲ್ಲರಿಗೂ ಗೊತ್ತಿತ್ತು. ಆದರೂ 1928ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತು, ಹಳೇ ಕಂಪನಿ ನಿಜಕ್ಕೂ ಸತ್ತಿತ್ತಲ್ಲ! ಕೋರ್ಟು ಮುಖ್ಯವಾಗಿ ನೋಡುವುದು ನಿಮ್ಮ ಮನಸ್ಸಿನಲ್ಲಿ ಏನಿತ್ತು ಅಂತಲ್ಲ, ಕೊಟ್ಟಿದ್ದು ನಿಜವಾಗಿ ಕೊಟ್ಟಿದ್ದೋ ಅಂತ.

ಹಾಗಾದರೆ ಭಾವನವರೂ ಹಳೇ ಕಂಪನಿ ಮುಚ್ಚಿಬಿಟ್ಟರೆ? ಆ ದಾರಿಯೂ ಈಗ ಇಲ್ಲ. 1958ರ ತಿದ್ದುಪಡಿ ಪ್ರಕಾರ ಕಂಪನಿ ನೋಂದಣಿಯಾದ ರಾಜ್ಯಕ್ಕೂ ಸೇರುತ್ತದೆ, ಅದರ ಮುಖ್ಯ ವ್ಯವಹಾರದ ರಾಜ್ಯಕ್ಕೂ ಸೇರುತ್ತದೆ. ಮುಖ್ಯ ಜಾಗ ಅಂದರೆ ಮೇಲಿನ ಅಧಿಕಾರಿಗಳು ಕೂತು ಕಂಪನಿ ನಡೆಸುವ ಜಾಗ ಎಂದು 2010ರ ಹರ್ಟ್ಜ್ ಕೇಸಿನಲ್ಲಿ ತೀರ್ಮಾನವಾಯಿತು. ಭಾವನವರು ಟೆಕ್ಸಾಸ್‌ನಲ್ಲೇ ಕೂತು ನಡೆಸಿದರೆ ಡೆಲವೇರ್ ಕಂಪನಿಯೂ ಟೆಕ್ಸಾಸ್‌ನದೇ ಆಗುತ್ತದೆ. ಎಲ್‌ಎಲ್‌ಸಿ (ಸೀಮಿತ ಹೊಣೆಯ ಕಂಪನಿ, ಅದರ ಮಾಲೀಕರನ್ನು ಸದಸ್ಯರು ಅಂತಾರೆ) ಮಾಡಿದರೆ ಇನ್ನೂ ಕಷ್ಟ. ಅಲ್ಲಿ ಸದಸ್ಯರು ಯಾವ ರಾಜ್ಯದವರು ಅನ್ನುವುದನ್ನು ನೋಡುತ್ತಾರೆ, ನೋಂದಣಿ ಲೆಕ್ಕಕ್ಕೇ ಬರುವುದಿಲ್ಲ.

ಸಂಬಂಧವೇ ಇಲ್ಲದ ಹೊರರಾಜ್ಯದವರಿಗೆ ಸರಿಯಾದ ಬೆಲೆಗೆ ಮಾರಿಬಿಟ್ಟರೆ ಅವರು ಹೋಗಬಹುದು, ಜಮೀನಿನ ವಿವಾದ 75,000 ಡಾಲರ್ ಮೀರಿದ್ದರೆ. ಆದರೆ ಆಗ ಜಮೀನು ಭಾವನವರದ್ದಾಗಿ ಉಳಿಯುವುದಿಲ್ಲ.

ಇನ್ನೊಂದು ವಿಷಯ ವಕೀಲರನ್ನು ಕೇಳಿ. ಅಧಿಕಾರ ವ್ಯಾಪ್ತಿಯ ತಕರಾರನ್ನು ಎದುರಾಳಿ ಅಪೀಲಿನಲ್ಲೂ ಎತ್ತಬಹುದು. ನಾಲ್ಕು ವರ್ಷ ನಡೆಸಿ ಗೆದ್ದ ಕೇಸು ಅಲ್ಲಿ ಬಿದ್ದುಹೋದರೆ, ಮತ್ತೆ ಟೆಕ್ಸಾಸ್ ರಾಜ್ಯದ ಕೋರ್ಟಿನಲ್ಲಿ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.