ಹತ್ತು ಅಡಿಯ ಅಂತರ

ಸಂಡೂರು ರಸ್ತೆಯಲ್ಲಿ ಅದಿರಿನ ಲಾರಿ ಉರುಳಿದರೆ, ತುಂಗಭದ್ರೆಯ ಎಚ್‌ಎಲ್‌ಸಿ ಕಾಲುವೆಯಿಂದ ಯಾರನ್ನಾದರೂ ಮೇಲೆತ್ತಿದರೆ, ಪೊಲೀಸರಿಗಿಂತ ಮೊದಲು ಅಲ್ಲಿಗೆ ತಲುಪಿ ಮೊಬೈಲಿನಲ್ಲಿ ಚಿತ್ರ ತೆಗೆದು ಸುದ್ದಿಮನೆಗೆ ಕಳುಹಿಸುವ ಹುಡುಗರು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ಈಗ ಊರಿಗೊಬ್ಬರಾದರೂ ಸಿಗುತ್ತಾರೆ. ಅವರಲ್ಲಿ ಕೆಲವರು ಇತ್ತೀಚೆಗೆ ಆಪ್ತಸಲಹೆಗಾರಳಾದ ನನ್ನಲ್ಲಿಗೆ ಬರುತ್ತಿದ್ದಾರೆ. ಕೆಲಸದಿಂದ ತೊಂದರೆಯಾಗಿದೆ ಎಂದು ಹೇಳಿಕೊಂಡು ಯಾರೂ ಬರುವುದಿಲ್ಲ. ಗ್ಯಾಸ್ಟ್ರಿಕ್ ಎಂದೋ, ನಿದ್ದೆ ಹತ್ತುವುದಿಲ್ಲವೆಂದೋ, ಮನೆಯವರ ಮೇಲೆ ವಿನಾಕಾರಣ ಸಿಟ್ಟು ಬರುತ್ತದೆಂದೋ ಬರುತ್ತಾರೆ. ಅವರ ಮಾತು ಕೇಳುವಾಗಲೆಲ್ಲ ನನಗೆ ಕೆಲವು ವರ್ಷಗಳ ಹಿಂದೆ ಬಂದಿದ್ದ, ಅವರೆಲ್ಲರಿಗಿಂತ ಹಿರಿಯರಾದ ಒಬ್ಬರು ನೆನಪಾಗುತ್ತಾರೆ. ಅವರ ಒಪ್ಪಿಗೆ ಪಡೆದು, ಗುರುತು ಹತ್ತಬಹುದಾದ ವಿವರಗಳನ್ನು ಬದಲಿಸಿ, ಈ ಪ್ರಕರಣವನ್ನು ಬರೆಯುತ್ತಿದ್ದೇನೆ.

ಅವರು ಬೆಂಗಳೂರಿನ ಒಂದು ಪತ್ರಿಕೆಯಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಕ್ರೈಂ ಬೀಟ್‌ನ ಛಾಯಾಗ್ರಾಹಕರಾಗಿದ್ದವರು. ವಯಸ್ಸು ನಲವತ್ತರ ಆಸುಪಾಸು. ಹೆಂಡತಿಯ ತವರು ಬಳ್ಳಾರಿ. ಮಾವನವರದು ಜೀನ್ಸ್ ಹೊಲಿಯುವ ಸಣ್ಣ ಘಟಕ. ಎರಡು ತಿಂಗಳ ರಜೆ ಹಾಕಿಸಿ, ಏಳು ವರ್ಷದ ಮಗಳೊಂದಿಗೆ ಹಂಪಿ ಎಕ್ಸ್‌ಪ್ರೆಸ್ ಹತ್ತಿಸಿ ಅವರನ್ನು ಇಲ್ಲಿಗೆ ಕರೆತಂದವರು ಹೆಂಡತಿಯೇ. ರಾತ್ರಿ ಎರಡು ಗಂಟೆಗೆ ಎಚ್ಚರವಾಗುವುದು, ಬಾರದ ಫೋನಿಗಾಗಿ ತಡಕಾಡುವುದು, ಆಮೇಲೆ ಬೆಳಗಾಗುವವರೆಗೆ ಮಾಳಿಗೆಯ ಮೇಲೆ ಅಡ್ಡಾಡುವುದು, ಇವು ಹೆಂಡತಿ ಹೇಳಿದ ದೂರುಗಳು. ಕೊನೆಯಲ್ಲಿ ಆಕೆ ಇನ್ನೊಂದು ಮಾತು ಸೇರಿಸಿದರು: “ಮನೇಲಿ ಇರ್ತಾರೆ ಮೇಡಂ, ಆದ್ರೆ ನಮ್ಮ ಜೊತೆ ಇರೋದಿಲ್ಲ.” ಆ ಮಾತನ್ನು ನಾನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ, ಆದರೆ ಅದರ ಅರ್ಥ ಎಷ್ಟು ನೇರವಾಗಿದೆ ಎಂಬುದು ಅಂದು ನನಗೆ ತಿಳಿಯಲಿಲ್ಲ.

ಮೊದಲ ಮೂರು ಭೇಟಿಗಳಲ್ಲಿ ಅವರು ಬಹುಮಟ್ಟಿಗೆ ಕೆಲಸದ ರೀತಿಯನ್ನೇ ವಿವರಿಸಿದರು, ನಾನೂ ತಡೆಯಲಿಲ್ಲ. ಕರೆ ಬರುವುದು ಠಾಣೆಯ ಪರಿಚಯದವರಿಂದಲೋ, ಆಂಬುಲೆನ್ಸ್ ಚಾಲಕರಿಂದಲೋ. ದೇಹವನ್ನು ಸಾಗಿಸುವ ಮೊದಲು ಸ್ಪಾಟ್ ಮುಟ್ಟಬೇಕು, ಮಹಜರು ನಡೆಯುವಾಗ ಟೇಪಿನ ಹೊರಗೆ ನಿಂತು ಸಿಕ್ಕಷ್ಟು ತೆಗೆಯಬೇಕು, ನಗರ ಆವೃತ್ತಿ ಮುಚ್ಚುವುದರೊಳಗೆ ಡೆಸ್ಕಿಗೆ ತಲುಪಿಸಬೇಕು, ಮರುದಿನ ಬೆಳಿಗ್ಗೆ ಮಾರ್ಚುರಿಯ ಮುಂದೆ ಬಂಧುಗಳಿಗಾಗಿ ಕಾಯಬೇಕು. ಈ ಕಸುಬನ್ನು ಅವರಿಗೆ ಕಲಿಸಿದ ಹಿರಿಯ ಛಾಯಾಗ್ರಾಹಕರು ನ್ಯೂಯಾರ್ಕಿನ ‘ವೀಜಿ’ಯ ಕಥೆಯನ್ನು ಪದೇ ಪದೇ ಹೇಳುತ್ತಿದ್ದರಂತೆ. ವೀಜಿ ಎಂಬುದು ಅಡ್ಡಹೆಸರು. ಆತನ ಹೆಸರು ಆರ್ಥರ್ ಫೆಲಿಗ್, ಹುಟ್ಟಿದ್ದು 1899ರಲ್ಲಿ, ಈಗ ಉಕ್ರೇನಿಗೆ ಸೇರಿರುವ ಒಂದು ಊರಿನಲ್ಲಿ. ಬಾಲಕನಾಗಿ ಅಮೆರಿಕಕ್ಕೆ ವಲಸೆ ಹೋಗಿ, ಸುದ್ದಿಚಿತ್ರಗಳ ಸಂಸ್ಥೆಯೊಂದರ ಕತ್ತಲೆಕೋಣೆಯಲ್ಲಿ ದುಡಿದು, 1935ರಿಂದ ಸ್ವತಂತ್ರವಾಗಿ ಕೊಲೆ, ಬೆಂಕಿ, ಅಪಘಾತಗಳ ಬೆನ್ನುಹತ್ತಿದವನು. ತನ್ನ ಕಾರಿನಲ್ಲಿಯೇ ಪೊಲೀಸ್ ರೇಡಿಯೊ ಇಟ್ಟುಕೊಳ್ಳಲು 1938ರಲ್ಲಿ ಅನುಮತಿ ಗಳಿಸಿದ್ದ. ಆತನ ಸ್ಪೀಡ್ ಗ್ರಾಫಿಕ್ ಕ್ಯಾಮೆರಾ ಸದಾ ಒಂದೇ ಅಳತೆಯಲ್ಲಿ ಸಿದ್ಧವಾಗಿರುತ್ತಿತ್ತು: ಬೆಳಕಿನ ಕಿಂಡಿ ಎಫ್ 16, ಶಟರ್ ಸೆಕೆಂಡಿನ ಇನ್ನೂರನೆಯ ಒಂದು ಭಾಗ, ಫೋಕಸ್ ಹತ್ತು ಅಡಿಗೆ. ಕತ್ತಲಲ್ಲಿ ಫೋಕಸ್ ಹುಡುಕುತ್ತ ಕೂರುವಂತಿಲ್ಲವಾದ್ದರಿಂದ ಹತ್ತು ಅಡಿ ದೂರದಲ್ಲಿ ನಿಂತು ಫ್ಲಾಷ್ ಹೊಡೆದರೆ ಸಾಕು, ಚಿತ್ರ ಬರುತ್ತದೆ. “ಈಗ ಆಟೋಫೋಕಸ್ ಇದೆ, ಆ ಲೆಕ್ಕ ಬೇಕಿಲ್ಲ. ಆದ್ರೂ ನಮ್ಮ ಸಾರ್ ಹೇಳಿಕೊಟ್ಟಿದ್ದು ಹತ್ತು ಅಡಿ, ಅದೇ ಕಾಲಿಗೆ ಬಂದುಬಿಟ್ಟಿದೆ” ಎಂದರು. ನಾನು ಅದನ್ನು ಕಸುಬಿನ ಹೆಮ್ಮೆಯ ಮಾತೆಂದು ಕೇಳಿಸಿಕೊಂಡೆ.

ಇನ್ನೊಂದು ಸಂಗತಿಯನ್ನೂ ನಾನು ಗಮನಿಸಿದ್ದೆ. ಕೊಠಡಿಗೆ ಬರುವ ಮುನ್ನ ಅವರು ಚಪ್ಪಲಿ ಬಿಟ್ಟು, ಬಗ್ಗಿ, ಎರಡನ್ನೂ ಗೋಡೆಗೆ ತಾಗುವಂತೆ ಜೋಡಿಸಿ, ಒಮ್ಮೆ ಹಿಂತಿರುಗಿ ನೋಡಿ ಒಳಗೆ ಬರುತ್ತಿದ್ದರು. ಬೇರೆ ಯಾರದಾದರೂ ಚಪ್ಪಲಿ ಬೋರಲಾಗಿ ಬಿದ್ದಿದ್ದರೆ ಅದನ್ನೂ ನೆಟ್ಟಗೆ ಮಾಡುತ್ತಿದ್ದರು. ಚಪ್ಪಲಿ ಬೋರಲು ಬಿದ್ದರೆ ಮನೆಯಲ್ಲಿ ಜಗಳವಾಗುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಅಳಿಯನ ಈ ನಡವಳಿಕೆ ಕಂಡು ಅತ್ತೆಯವರು ‘ಎಷ್ಟು ಶಿಸ್ತಿನ ಮನುಷ್ಯ’ ಎಂದು ಮೆಚ್ಚಿಕೊಂಡಿದ್ದರಂತೆ. ನಾನೂ ಹಾಗೆಯೇ ತಿಳಿದೆ.

ನಾಲ್ಕನೆಯ ಭೇಟಿಗೆ ಅವರು ಹೇಳಿದ ಹೊತ್ತಿಗಿಂತ ಮುಂಚೆಯೇ ಬಂದರು, ಕುರ್ಚಿಯ ತುದಿಯಲ್ಲಿ ಕುಳಿತರು, ಬಹಳ ಹೊತ್ತು ಮಾತನಾಡಲಿಲ್ಲ. ಏಪ್ರಿಲ್ ತಿಂಗಳ ಮಧ್ಯಾಹ್ನ. ಕರೆಂಟ್ ಹೋಗಿತ್ತು, ಬಳ್ಳಾರಿಯ ಬಿಸಿಲಿಗೆ ಗೋಡೆಗಳೂ ಕಾವೇರಿದ್ದವು. ಆಮೇಲೆ ಅವರು ಹಿಂದಿನ ದಿನದ ಘಟನೆ ಹೇಳಿದರು. ಮಗಳು ಮನೆಯ ಮುಂದಿನ ಕಟ್ಟೆಯಿಂದ ಜಿಗಿಯಲು ಹೋಗಿ ರಸ್ತೆಗೆ ಬಿದ್ದಿದ್ದಳು. ದೊಡ್ಡ ಪೆಟ್ಟೇನಲ್ಲ, ಮೊಣಕಾಲು ತರಚಿತ್ತು. ಆದರೆ ಬಿದ್ದ ರಭಸಕ್ಕೆ ಅವಳ ಒಂದು ಚಪ್ಪಲಿ ಹಾರಿ ರಸ್ತೆಯ ನಡುವೆ ಬೋರಲಾಗಿ ಬಿತ್ತು. ಅವರು ಬಾಗಿಲಲ್ಲಿಯೇ ನಿಂತಿದ್ದವರು.

“ನಾನು ಓಡಲಿಲ್ಲ ಮೇಡಂ. ಎರಡು ಹೆಜ್ಜೆ ಇಟ್ಟೆ, ನಿಂತೆ. ಅತ್ತೆ ಒಳಗಿಂದ ಓಡಿ ಬಂದು ‘ಯಾಕಪ್ಪಾ ಹಂಗ ನಿಂತೀ, ಹುಡುಗಿ ಬಿದ್ದೈತಲ್ಲ’ ಅಂತ ಕೂಗಿದ್ರು. ಅಷ್ಟರಲ್ಲಿ ನಾನು ಆ ಚಪ್ಪಲಿ ನೋಡ್ತಿದ್ದೆ. ಅವಳು ಅಳ್ತಿದ್ದದ್ದು ಕೇಳಿಸಲಿಲ್ಲ. ಆಮೇಲೆ ಹೋಗಿ ಅಳೆದು ನೋಡಿದೆ. ನಾನು ನಿಂತಿದ್ದ ಜಾಗದಿಂದ ಚಪ್ಪಲಿಗೆ ಸರಿಯಾಗಿ ಹತ್ತು ಅಡಿ.”

ಅಳೆದು ನೋಡಿದ್ದನ್ನು ಹೇಳುವಾಗ ಅವರ ಬಲಗೈ ತೋರುಬೆರಳು ತೊಡೆಯ ಮೇಲೆ ಒಂದೇ ಸಮನೆ ಒತ್ತುತ್ತಿತ್ತು, ಕ್ಯಾಮೆರಾದ ಗುಂಡಿಯ ಮೇಲಿರುವ ಬೆರಳಿನ ಹಾಗೆ. ನಾನು ಒಂದೇ ಪ್ರಶ್ನೆ ಕೇಳಿದೆ: “ಚಪ್ಪಲಿಯನ್ನೇ ಯಾಕೆ ನೋಡಿದಿರಿ?”

ಉತ್ತರ ಅವರಲ್ಲಿ ಸಿದ್ಧವಾಗಿಯೇ ಇತ್ತು. ಸಂಯಮವುಳ್ಳ ಪತ್ರಿಕೆಗಳು ಹೆಣದ ಮುಖ ಅಚ್ಚುಹಾಕುವುದಿಲ್ಲ. ಓದುಗ ಬೆಳಿಗ್ಗೆ ಕಾಫಿ ಕುಡಿಯುತ್ತ ನೋಡುವ ಪುಟವದು, ಸತ್ತವರಿಗೂ ಮರ್ಯಾದೆಯಿದೆ. ಹಾಗಾಗಿ ಡೆಸ್ಕಿನವರು ಕೇಳುವುದು ಬೇರೆಯದೇ ಚಿತ್ರ: ಮುರಿದ ಕನ್ನಡಕ, ಚೆಲ್ಲಿದ ಟಿಫಿನ್ ಡಬ್ಬಿ, ರಸ್ತೆಯಲ್ಲಿ ಉಳಿದ ಒಂಟಿ ಚಪ್ಪಲಿ. ಹತ್ತು ವರ್ಷಗಳಿಂದ ಅವರು ಎಲ್ಲವನ್ನೂ ಕಣ್ಣಾರೆ ಕಂಡು, ಅದರಲ್ಲಿ ಓದುಗರು ತಾಳಬಲ್ಲದ್ದನ್ನು ಮಾತ್ರ ಆರಿಸಿ ಕಳುಹಿಸುತ್ತಿದ್ದರು. “ಮುಖಗಳು ಒಂದೂ ನೆನಪಿಲ್ಲ ಮೇಡಂ. ಚಪ್ಪಲಿಗಳೆಲ್ಲ ನೆನಪಿವೆ” ಎಂದರು.

ಈ ಮಾತು ನನ್ನನ್ನು ಇಂದಿಗೂ ಬಿಟ್ಟಿಲ್ಲ. ಓದುಗರ ಮನಸ್ಸನ್ನು ಕಾಯುವ ಆ ಒಳ್ಳೆಯ ಪದ್ಧತಿಯೇ ಈ ಮನುಷ್ಯನ ಪಾಲಿಗೆ ಮನೆಯ ಹೊಸ್ತಿಲಲ್ಲಿರುವ ಅತ್ಯಂತ ಸಾಮಾನ್ಯ ವಸ್ತುವನ್ನು ಸಾವಿನ ಗುರುತಾಗಿ ಮಾಡಿಬಿಟ್ಟಿತ್ತು. ಅವರು ಚಪ್ಪಲಿ ಜೋಡಿಸುತ್ತಿದ್ದದ್ದು ಶಿಸ್ತಿನಿಂದಲ್ಲ, ಜಗಳದ ಭಯದಿಂದಲೂ ಅಲ್ಲ. ಜೋಡಿಯಾಗಿ, ನೆಟ್ಟಗೆ ಇರುವ ಚಪ್ಪಲಿ ಎಂದರೆ ಅದರ ಒಡೆಯ ಬದುಕಿದ್ದಾನೆ ಎಂದು ಅವರ ಮನಸ್ಸು ಲೆಕ್ಕ ಹಾಕುತ್ತಿತ್ತು. ಇದನ್ನು ಮೊದಲ ದಿನವೇ ಕೇಳದೆ ಹೋದದ್ದು ನನ್ನ ತಪ್ಪು.

ಅಪಘಾತವನ್ನು ತಾನೇ ಅನುಭವಿಸಿದವನಿಗೆ ಆಘಾತವಾಗುತ್ತದೆ, ಕ್ಯಾಮೆರಾ ಹಿಡಿದವನಿಗೇನು ಎಂದು ಅವರ ಮನೆಯವರು ಕೇಳಿದರು. ಬಹಳ ಜನ ಕೇಳುತ್ತಾರೆ. ಮನೋವೈದ್ಯರು ಬಳಸುವ ಡಿಎಸ್‌ಎಂ-5 ಎಂಬ ಕೈಪಿಡಿ 2013ರಲ್ಲಿ ಹೊರಬಂದಾಗ, ಕೆಲಸದ ಕಾರಣಕ್ಕೆ ಭೀಕರ ಸಂಗತಿಗಳ ವಿವರಗಳನ್ನು ಮತ್ತೆ ಮತ್ತೆ ಎದುರಿಸುವವರಿಗೂ ಆಘಾತೋತ್ತರ ಒತ್ತಡದ ಕಾಯಿಲೆ ಬರಬಹುದೆಂದು ಸ್ಪಷ್ಟವಾಗಿ ಸೇರಿಸಿತು. ಚಿತ್ರಗಳ ಮೂಲಕ ನೋಡುವುದು ಕೂಡ, ಅದು ಕೆಲಸದ ಭಾಗವಾಗಿದ್ದರೆ, ಅದರಲ್ಲಿ ಸೇರುತ್ತದೆ. ರೋಗನಿರ್ಣಯ ಮಾಡುವುದು ಆಪ್ತಸಲಹೆಗಾರಳಾದ ನನ್ನ ಕೆಲಸವಲ್ಲ. ಆ ವಾರವೇ ಅವರನ್ನು ಮನೋವೈದ್ಯರಲ್ಲಿಗೆ ಕಳುಹಿಸಿದೆ. ನಿದ್ದೆಗೆ ಮತ್ತು ಆತಂಕಕ್ಕೆ ಚಿಕಿತ್ಸೆ ಅಲ್ಲಿಂದಲೇ ಆರಂಭವಾಯಿತು. ಮಾನಸಿಕ ಆರೋಗ್ಯ ಸೇವೆಯನ್ನು ಹಳ್ಳಿಯ ಆರೋಗ್ಯ ಕೇಂದ್ರಗಳವರೆಗೆ ಒಯ್ಯುವ ಪ್ರಯೋಗವನ್ನು ನಿಮ್ಹಾನ್ಸ್ 1980ರ ದಶಕದಲ್ಲಿ ಮಾಡಿದ್ದು ಇದೇ ಬಳ್ಳಾರಿ ಜಿಲ್ಲೆಯಲ್ಲಿ, ಮತ್ತು 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ‘ಬಳ್ಳಾರಿ ಮಾದರಿ’ಯೇ ಆಧಾರ. ಹಾಗಿದ್ದೂ ಇಲ್ಲಿನ ಜನ ಮನೋವೈದ್ಯರ ಬಾಗಿಲಿಗೆ ಹೋಗಲು ಇನ್ನೂ ಮುಖ ಮುಚ್ಚಿಕೊಳ್ಳುವುದು ನನಗೆ ನೋವಿನ ವಿಷಯ.

ನಾನು ಕೊಟ್ಟ ಸಲಹೆಗಳಲ್ಲಿ ಎಲ್ಲರೂ ಆಕ್ಷೇಪಿಸಿದ್ದು ಒಂದನ್ನು. ಕೆಲಸ ಈಗಲೇ ಬಿಡಬೇಡಿ ಎಂದೆ. ಮಾವನವರು ಜೀನ್ಸ್ ಘಟಕದ ಲೆಕ್ಕ ನೋಡಿಕೊಂಡಿರಲಿ ಎಂದು ಕಾಯುತ್ತಿದ್ದರು, ಹೆಂಡತಿಯೂ ಅದನ್ನೇ ಬಯಸಿದ್ದರು, ನನ್ನ ಸಹೋದ್ಯೋಗಿಯೊಬ್ಬರು ‘ಬೆಂಕಿಯಿಂದ ಹೊರಬಂದವನನ್ನು ಮತ್ತೆ ಬೆಂಕಿಗೆ ದೂಡುತ್ತಿದ್ದೀರಿ’ ಎಂದು ನನ್ನ ಮುಖಕ್ಕೇ ಹೇಳಿದರು. ಆದರೆ ರಜೆಯ ಎರಡು ತಿಂಗಳಲ್ಲಿ ಒಂದೂ ಸ್ಪಾಟ್ ನೋಡದಿದ್ದರೂ ಅವರ ನಿದ್ದೆ ಸುಧಾರಿಸಿರಲಿಲ್ಲ. ಹತ್ತು ಅಡಿಯ ಅಂತರ ಬೆಂಗಳೂರಿನಲ್ಲಿ ಉಳಿದಿರಲಿಲ್ಲ, ಅವರ ಜೊತೆಗೇ ರೈಲು ಹತ್ತಿ ಬಂದಿತ್ತು. ಅದನ್ನು ಹಾಗೆಯೇ ಇಟ್ಟುಕೊಂಡು ಕಸುಬನ್ನು ಮಾತ್ರ ಕಳಚಿದ್ದರೆ, ಅವರಲ್ಲಿ ಉಳಿದಿದ್ದ ಒಂದೇ ಆತ್ಮಗೌರವವೂ ಹೋಗುತ್ತಿತ್ತು. ಆರು ತಿಂಗಳು ಚಿಕಿತ್ಸೆ ನಡೆಯಲಿ, ನಿದ್ದೆ ಮರಳಲಿ, ಆಮೇಲೆ ಬಿಡಬೇಕೆನಿಸಿದರೆ ಬಿಡಿ, ಓಡಿಹೋಗುವ ಹೊತ್ತಿನಲ್ಲಿ ಈ ನಿರ್ಧಾರ ಬೇಡ ಎಂಬುದು ನನ್ನ ಮಾತಿನ ಅರ್ಥವಾಗಿತ್ತು. ಇಂದೂ ಅದೇ ಅಭಿಪ್ರಾಯದಲ್ಲಿದ್ದೇನೆ.

ಕಂಡದ್ದನ್ನೆಲ್ಲ ಒಂದೇ ಸಲ ಹೇಳಿಸಿ ‘ಹಗುರ’ ಮಾಡಬಾರದಿತ್ತೇ ಎಂದೂ ಕೆಲವರು ಕೇಳಿದ್ದಾರೆ. ಆಘಾತದ ಬೆನ್ನಿಗೇ ವ್ಯಕ್ತಿಯನ್ನು ಕೂರಿಸಿ ಎಲ್ಲವನ್ನೂ ಹೇಳಿಸುವ ಪದ್ಧತಿಯನ್ನು ವಿಶ್ವ ಆರೋಗ್ಯ ಸಂಸ್ಥೆಯೇ ಶಿಫಾರಸು ಮಾಡುವುದಿಲ್ಲ. ಹೇಳಬೇಕಾದವರು ಹೇಳುವ ಹೊತ್ತನ್ನು ತಾವೇ ಆರಿಸಿಕೊಳ್ಳಬೇಕು. ಇವರಿಗೆ ಆ ಹೊತ್ತು ಬರಲು ನಾಲ್ಕು ಭೇಟಿ ಬೇಕಾಯಿತು.

ಮನೆಗಾಗಿ ಕೊಟ್ಟ ಸಲಹೆ ಚಿಕ್ಕದು. ಪ್ರತಿದಿನ ಬೆಳಿಗ್ಗೆ ಮಗಳ ಮುಂದೆ ನೆಲದ ಮೇಲೆ ಕುಳಿತು, ಅವಳ ಪಾದ ಕೈಯಲ್ಲಿ ಹಿಡಿದು, ಚಪ್ಪಲಿಯ ಬಕಲ್ ತಾವೇ ಹಾಕಬೇಕು. ಬೆರಳಿಗೆ ಆ ಪಾದದ ಬಿಸಿ ತಾಗಬೇಕು, ಚಪ್ಪಲಿಯೊಳಗೆ ಕಾಲಿದೆ ಎಂಬುದು ಕಣ್ಣಿಗೆ ಮಾತ್ರವಲ್ಲದೆ ಕೈಗೂ ತಿಳಿಯಬೇಕು. ಮೊದಲ ವಾರ ಅವರ ಕೈ ನಡುಗುತ್ತಿತ್ತೆಂದೂ, ಮಗಳು ‘ಬೇಗ ಹಾಕಪ್ಪ’ ಎಂದು ಗದರುತ್ತಿದ್ದಳೆಂದೂ ಹೆಂಡತಿ ಹೇಳಿದರು. ಕೆಲಸಕ್ಕೆ ಸಂಬಂಧಿಸಿ ಹೇಳಿದ್ದು ಇಷ್ಟು: ಸತತವಾಗಿ ಎರಡು ರಾತ್ರಿಗಿಂತ ಹೆಚ್ಚು ಪಾಳಿ ಬೇಡ, ಚಿತ್ರ ಆರಿಸುವಾಗ ಪರದೆಯ ಮೇಲೆ ಚಿಕ್ಕದಾಗಿಯೇ ನೋಡಿ, ಕಳುಹಿಸಿದ ಮೇಲೆ ಮತ್ತೆ ತೆರೆಯಬೇಡಿ, ವಿಡಿಯೊ ಇದ್ದರೆ ಧ್ವನಿ ಮುಚ್ಚಿ, ಮನೆ ಸೇರುವ ಮುನ್ನ ಅದೇ ಕಸುಬಿನ ಒಬ್ಬ ಗೆಳೆಯನೊಡನೆ ಹತ್ತು ನಿಮಿಷ ಚಹಾ ಕುಡಿಯಿರಿ.

ಐದನೆಯ ಭೇಟಿಯಲ್ಲಿ ಅವರು ಕೇಳಿದ ಪ್ರಶ್ನೆಗೆ ಮಾತ್ರ ನಾನು ಸಾಂತ್ವನದ ಉತ್ತರ ಕೊಡಲಿಲ್ಲ. ಮಾರ್ಚುರಿಯ ಮುಂದೆ ಮಗನನ್ನು ಕಳೆದುಕೊಂಡ ತಾಯಿಯೊಬ್ಬರು ಅವರ ಕ್ಯಾಮೆರಾ ಕಂಡು ಶಾಪ ಹಾಕಿದ್ದರು. “ನಾನು ಮಾಡಿದ್ದು ತಪ್ಪಾ?” ಎಂದರು. ‘ಅದು ನಿಮ್ಮ ಕರ್ತವ್ಯ’ ಎಂದು ಹೇಳಿಬಿಡುವುದು ಸುಲಭವಿತ್ತು, ಅವರು ಬಯಸಿದ್ದೂ ಅದನ್ನೇ. ಆ ಚಿತ್ರ ಪ್ರಕಟವಾಯಿತೇ ಎಂದು ಕೇಳಿದೆ. ಇಲ್ಲ, ತಾನೇ ಕಳುಹಿಸಲಿಲ್ಲ ಎಂದರು. ಹಾಗಿದ್ದರೆ ಉತ್ತರ ಅಂದೇ ನಿಮಗೆ ತಿಳಿದಿತ್ತಲ್ಲ ಎಂದೆ. ಮೌನವಾಗಿ ತಲೆಯಾಡಿಸಿದರು. ನೋವಿನಲ್ಲಿರುವವರಿಗೆ ತಪ್ಪಿನ ಪ್ರಜ್ಞೆಯನ್ನು ಅಳಿಸಿಹಾಕುವುದೇ ಸಲಹೆ ಎಂದು ನಾನು ನಂಬುವುದಿಲ್ಲ. ಆ ಪ್ರಜ್ಞೆ ಎಲ್ಲಿ ಸರಿಯಾಗಿದೆಯೋ ಅಲ್ಲಿ ಅದನ್ನು ಗೌರವಿಸಬೇಕು.

ನಮ್ಮ ಹುಡುಗರ ವಿಷಯಕ್ಕೆ ಬಂದರೆ ಅವರ ಸ್ಥಿತಿ ಇನ್ನೂ ಕಷ್ಟದ್ದು. ಬೆಂಗಳೂರಿನವರಿಗೆ ಸಂಬಳವಿತ್ತು, ರಜೆಯಿತ್ತು, ಇದು ಬೇಡ ಎನ್ನುವ ಡೆಸ್ಕ್ ಇತ್ತು. ಇವರಿಗೆ ಸುದ್ದಿಗಿಷ್ಟು ಎಂಬ ಹಣ ಬಿಟ್ಟರೆ ಏನೂ ಇಲ್ಲ, ಅದೂ ತಡವಾಗಿ. ನಾನು ಈಗ ಮೊದಲು ಕೇಳುವುದು ಎಷ್ಟು ದೂರದಲ್ಲಿ ನಿಂತಿದ್ದೆ ಎಂಬುದನ್ನೇ. ಒಬ್ಬ ಹುಡುಗ, “ದೂರಾನೇ ನಿಂತಿದ್ದೆ ಮೇಡಂ, ಜೂಮ್ ಮಾಡಿದ್ನಿ” ಎಂದ. ಅವನ ಕನಸಿನಲ್ಲಿ ಆ ಮುಖ ಪರದೆಯ ತುಂಬ ಬರುತ್ತದಂತೆ. ಒಂದು ತಿಂಗಳಿಗೂ ಮೀರಿ ನಿದ್ದೆ ಕೆಟ್ಟಿದ್ದರೆ, ನಡೆದದ್ದು ಕಣ್ಣ ಮುಂದೆ ಬಂದು ಕೈಕೆಲಸ ನಿಲ್ಲುತ್ತಿದ್ದರೆ, ನನ್ನಂಥವರಲ್ಲಿಗೆ ಬರಲು ಆಗದಿದ್ದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ಕನ್ನಡದಲ್ಲಿ ಮಾತನಾಡುತ್ತಾರೆ, ಹಣ ಕೊಡಬೇಕಿಲ್ಲ. ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗವೂ ಇದೆ.

ಆ ಛಾಯಾಗ್ರಾಹಕರು ಬೆಂಗಳೂರಿಗೆ ಮರಳಿದರು. ಔಷಧಿ ಮುಂದುವರಿದಿದೆ, ಎರಡು ಗಂಟೆಯ ಎಚ್ಚರ ಪೂರ್ತಿ ಹೋಗಿಲ್ಲ, ನಡುವೆ ಎರಡು ಸಲ ವೈದ್ಯರ ಭೇಟಿ ತಪ್ಪಿಸಿದ್ದಕ್ಕೆ ನಾನು ಗಟ್ಟಿಯಾಗಿಯೇ ಮಾತನಾಡಿದ್ದೇನೆ. ಕಳೆದ ಬಾರಿ ಫೋನ್ ಮಾಡಿದಾಗ ದನಿಯಲ್ಲಿ ಸಣ್ಣ ಗಾಬರಿ ಇತ್ತು. ಮಗಳು ಬಕಲ್ ಹಾಕಿಕೊಳ್ಳುವುದನ್ನು ತಾನೇ ಕಲಿತುಬಿಟ್ಟಿದ್ದಾಳೆ, ಮುಟ್ಟಲು ಬಿಡುವುದಿಲ್ಲ, ಈಗೇನು ಮಾಡಲಿ ಎಂದು ಕೇಳಿದರು. ಅವಳು ಹಾಕಿಕೊಳ್ಳುವಷ್ಟು ಹೊತ್ತು ಪಕ್ಕದಲ್ಲಿ, ನೆಲದ ಮೇಲೆ, ಮೊದಲಿನ ಹಾಗೆಯೇ ಕುಳಿತಿರಿ ಎಂದೆ.