ಹಿಮ್ಮಡಿಯ ಮೇಲಿನ ಗಂಟು

ಪ್ರಶ್ನೆ: ಮಗನಿಗೆ 19 ವರ್ಷ. ಎಳವೆಯಿಂದಲೂ ಭೇದಿ. 11ನೇ ವಯಸ್ಸಿಗೇ ಎರಡೂ ಕಣ್ಣಿನ ಪೊರೆ ತೆಗೆಸಿದೆವು. ಈಗ ಎರಡೂ ಹಿಮ್ಮಡಿಗಳ ಮೇಲೆ ಗೋಟಡಿಕೆಯಷ್ಟು ಗಾತ್ರದ ಗಂಟು ಎದ್ದಿದೆ. ತೋಟದ ಸಂಕ ದಾಟುವಾಗ ಕಾಲು ತಡವರಿಸುತ್ತದೆ. ಕೊಲೆಸ್ಟರಾಲ್ ಸರಿಯಾಗಿದೆಯಂತೆ. ನಾನು, ಯಜಮಾನರು ಹತ್ತಿರದ ಸಂಬಂಧಿಗಳು. ಇವನಿಗೊಬ್ಬಳು ತಂಗಿಯಿದ್ದಾಳೆ.
– ಒಬ್ಬ ತಾಯಿ, ಪೆರ್ಲ

ಉತ್ತರ: ಅಮ್ಮಾ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಹೊಟ್ಟೆಗೊಬ್ಬರು, ಕಣ್ಣಿಗೊಬ್ಬರು, ಕಾಲಿಗೊಬ್ಬರು ವೈದ್ಯರಾದಾಗ ಇವೆಲ್ಲ ಒಂದೇ ಹಾಳೆಗೆ ಬರುವುದು ಅಪರೂಪ. ನೀವು ಬರೆದಿದ್ದೀರಿ, ಅದೇ ದೊಡ್ಡ ಸುಳಿವು.

ಇಷ್ಟೂ ಒಬ್ಬರಲ್ಲೇ ಕಂಡಾಗ ನನಗೆ ಮೊದಲು ನೆನಪಾಗುವುದು ಸೆರೆಬ್ರೊಟೆಂಡಿನಸ್ ಕ್ಸಾಂಥೊಮಟೋಸಿಸ್ ಎಂಬ ವಂಶಪಾರಂಪರ್ಯ ಕಾಯಿಲೆ. ಸಿವೈಪಿ27ಎ1 ವಂಶವಾಹಿಯ ಎರಡೂ ಪ್ರತಿಗಳು ಕೆಟ್ಟಿದ್ದರೆ ಯಕೃತ್ತಿಗೆ ಕೊಲೆಸ್ಟರಾಲ್‌ನಿಂದ ಸರಿಯಾಗಿ ಪಿತ್ತಾಮ್ಲ (ಕೊಬ್ಬು ಜೀರ್ಣವಾಗಲು ನೆರವಾಗುವ ಪಿತ್ತರಸದ ಅಂಶ) ತಯಾರಿಸಲು ಆಗುವುದಿಲ್ಲ. ಆಗ ಕೊಲೆಸ್ಟನಾಲ್ ಎಂಬ ಕೊಬ್ಬು ಹೆಚ್ಚಿ ಸ್ನಾಯುರಜ್ಜು (ಸ್ನಾಯುವನ್ನು ಎಲುಬಿಗೆ ಜೋಡಿಸುವ ಗಟ್ಟಿ ನಾರು), ಕಣ್ಣಿನ ಮಸೂರ, ಮಿದುಳುಗಳಲ್ಲಿ ಕೂರುತ್ತದೆ. ಮಾಮೂಲಿ ಕೊಲೆಸ್ಟರಾಲ್ ಪರೀಕ್ಷೆ ಇದನ್ನು ಬೇರ್ಪಡಿಸಿ ತೋರಿಸುವುದಿಲ್ಲ. ಆ ವರದಿ ನೋಡಿ ದಯವಿಟ್ಟು ಸುಮ್ಮನಾಗಬೇಡಿ.

ಮಂಗಳೂರಿಗೆ ಹೋಗಿ ನರರೋಗ ತಜ್ಞರನ್ನು ಕಾಣಿ. ಪೊರೆಯ ಶಸ್ತ್ರಕ್ರಿಯೆಯ ಹಳೆಯ ಚೀಟಿಯೂ ಕೈಯಲ್ಲಿರಲಿ. ರಕ್ತದ ಕೊಲೆಸ್ಟನಾಲ್, ವಂಶವಾಹಿ ಪರೀಕ್ಷೆ, ಮಿದುಳಿನ ಎಂಆರ್‌ಐ ಬಗ್ಗೆ ನೀವಾಗಿಯೇ ಕೇಳಿ. ಅಲ್ಲಿಯವರೆಗೆ ಗಂಟು ಕೊಯ್ಯಿಸುವ ಅವಸರ ಬೇಡ. ಕಾಯಿಲೆ ದೃಢಪಟ್ಟರೆ ಕೀನೊಡಿಆಕ್ಸಿಕೋಲಿಕ್ ಆಮ್ಲದ ಔಷಧವಿದೆ. ಬೇಗ ಆರಂಭಿಸಿದಷ್ಟೂ ನರಗಳಿಗೆ ಒಳ್ಳೆಯದು.

ಸಂಬಂಧದಲ್ಲಿ ಮದುವೆಯಾದದ್ದಕ್ಕೆ ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ. ಆದರೆ ಅಣ್ಣನಿಗೆ ಈ ಕಾಯಿಲೆ ಇದ್ದರೆ ತಂಗಿಗೂ ಇರುವ ಸಾಧ್ಯತೆ 4ರಲ್ಲಿ 1. ಅವಳು ಎಷ್ಟೇ ಚುರುಕಾಗಿ ಓಡಾಡುತ್ತಿದ್ದರೂ ಅವಳ ರಕ್ತವನ್ನೂ ಪರೀಕ್ಷೆ ಮಾಡಿಸಿ.