ಕೈ ನಡುಗಿದ್ದು ಎಲ್ಲಿ, ನಡುಗದೇ ಇದ್ದದ್ದು ಎಲ್ಲಿ: ಕಲಬುರಗಿಯ ಒಂದು ಆಪ್ತಸಲಹೆ ಪ್ರಕರಣ

ಅವರನ್ನು ಇಲ್ಲಿ ರೇಣುಕಾ ಅಂತ ಕರೆಯುತ್ತೇನೆ. ಹೆಸರು, ಊರು, ಗುರುತು ಸಿಗುವ ವಿವರ ಎಲ್ಲವನ್ನೂ ಬದಲಾಯಿಸಿದ್ದೇನೆ. ಬರೆಯಲು ಅವರೇ ಒಪ್ಪಿದ್ದಾರೆ. "ನನ್ನಂಗ ಇನ್ನೊಬ್ಬಾಕಿ ಎಲ್ಲೋ ಕೂತು ಅಳ್ತಿರಬಹುದು, ಓದ್ಲಿ ಮೇಡಂ" ಅಂದರು.

ವಯಸ್ಸು 30. ಜನರಲ್ ಸರ್ಜರಿ ಪಿಜಿ (ಎಂಬಿಬಿಎಸ್ ಆದ ಮೇಲಿನ ಸ್ನಾತಕೋತ್ತರ ಓದು), ಮೂರನೇ ವರ್ಷ. ತಂದೆ ತೊಗರಿ ಬೆಳೆಯುವ ರೈತ. ಮನೆತನದಲ್ಲೇ ಮೊದಲ ಡಾಕ್ಟರ್ ಇವರು. ಗಂಡನಿಗೆ ಬೀದರ್‌ನಲ್ಲಿ ಬ್ಯಾಂಕ್ ಕೆಲಸ. ಏಪ್ರಿಲ್‌ನ ಒಂದು ಮಧ್ಯಾಹ್ನ ಮುಖಕ್ಕೆ ದುಪಟ್ಟಾ ಸುತ್ತಿಕೊಂಡು ನನ್ನ ಬಳಿ ಆಪ್ತಸಲಹೆಗೆ ಬಂದರು. ನಮ್ಮೂರ ಬಿಸಿಲಿಗೆ ಎಲ್ಲರೂ ಸುತ್ತಿಕೊಳ್ಳುತ್ತಾರೆ. ಆದರೆ ಒಳಗೆ ಬಂದು ಕೂತ ಮೇಲೂ ಅವರು ತೆಗೆಯಲಿಲ್ಲ.

"ಓಟಿಯೊಳಗ (ಆಪರೇಷನ್ ಥಿಯೇಟರ್‌ನಲ್ಲಿ) ಕೈ ನಡುಗ್ತಾವ. ಇವು ಸರ್ಜನ್ ಕೈ ಅಲ್ಲ. ಬಿಟ್ಟುಬಿಡ್ತೀನಿ."

ಫೈನಲ್ ಪರೀಕ್ಷೆಗೆ ಎಂಟು ತಿಂಗಳಿತ್ತು. ನಿದ್ದೆ ಮೂರು, ನಾಲ್ಕು ತಾಸು. ತೂಕ ಇಳಿದಿತ್ತು. ಗೆಳತಿಯೊಬ್ಬರು ಕೊಟ್ಟ ಎದೆಬಡಿತ ತಗ್ಗಿಸುವ ಮಾತ್ರೆಯನ್ನು ಯಾರಿಗೂ ಹೇಳದೆ ನುಂಗುತ್ತಿದ್ದರು. ಸಾಯಬೇಕು ಅನಿಸುತ್ತದೆಯೇ ಅಂತ ನೇರವಾಗಿ ಕೇಳಿದೆ. ಇಲ್ಲ ಅಂದರು. ಥೈರಾಯ್ಡ್ ಪರೀಕ್ಷೆ ಮಾಡಿಸಿದೆವು, ಸರಿಯಾಗಿತ್ತು. ಮಾತ್ರೆ ಬೇಕೋ ಬೇಡವೋ ಅನ್ನುವುದನ್ನು ಮನೋವೈದ್ಯರೇ ಹೇಳಲಿ ಅಂತ ಅವರ ಬಳಿ ಕಳಿಸಿದೆ.

ಮೊದಲ ಎರಡು ಭೇಟಿಯಲ್ಲಿ ನಾನೊಂದು ತಪ್ಪು ಮಾಡಿದೆ. ಉಸಿರಾಟ ಹೇಳಿಕೊಟ್ಟೆ. ಆತ್ಮವಿಶ್ವಾಸದ ಬಗ್ಗೆ ಮಾತಾಡಿದೆ. ಅಂದರೆ ಕೊರತೆ ಇರುವುದು ಅವರಲ್ಲೇ ಅಂತ ನಾನೂ ಒಪ್ಪಿಕೊಂಡ ಹಾಗಾಯಿತು, ಅಲ್ವಾ? ಮೂರನೇ ಸಲ ಪ್ರಶ್ನೆಯನ್ನು ತಿರುಗಿಸಿದೆ. "ಕೈ ಯಾವಾಗ ನಡುಗೋದಿಲ್ಲ?"

ಸ್ವಲ್ಪ ಹೊತ್ತು ಯೋಚಿಸಿದರು. "ರಾತ್ರಿ ಕ್ಯಾಶುಯಲ್ಟಿಯಾಗ. ಆಕ್ಸಿಡೆಂಟ್ ಕೇಸ್ ಬಂದಾಗ ಒಬ್ಬಾಕಿನೇ ಹೊಲಿಗಿ ಹಾಕ್ತೀನಲ್ಲ, ಆವಾಗ ನಡುಗಲ್ರಿ."

ಮುಂದಿನ ಸಲ ಲಾಗ್‌ಬುಕ್ ತರಲು ಹೇಳಿದೆ. ಪಿಜಿಗಳು ಯಾವ ಆಪರೇಷನ್ ನೋಡಿದರು, ಯಾವುದರಲ್ಲಿ ಸಹಾಯ ಮಾಡಿದರು, ಯಾವುದನ್ನು ತಾವೇ ಮಾಡಿದರು ಅಂತ ಬರೆದಿಡುವ ಪುಸ್ತಕ ಅದು. ಇಬ್ಬರೂ ಕೂತು ಎಣಿಸಿದೆವು. ಎರಡೂವರೆ ವರ್ಷದಲ್ಲಿ ಅಪೆಂಡಿಕ್ಸ್ ಆಪರೇಷನ್ ತಾವೇ ಮಾಡಿದ್ದು ನಾಲ್ಕು. ಅದೇ ಯೂನಿಟ್‌ನ, ಅದೇ ಬ್ಯಾಚಿನ ಹುಡುಗ ಮಾಡಿದ್ದು ಹತ್ತೊಂಬತ್ತು. ಅವರು ಪುಸ್ತಕ ಮುಚ್ಚಿದರು. ಮತ್ತೆ ತೆರೆದು ಇನ್ನೊಮ್ಮೆ ಎಣಿಸಿದರು. ದುಪಟ್ಟಾ ಅವತ್ತು ಕೆಳಗಿಳಿಯಿತು.

ಅವರ ಹಿರಿಯ ವೈದ್ಯರು ಬೈಯುವವರಲ್ಲ. ಅದೇ ಇಲ್ಲಿ ಕಷ್ಟ. "ಹೊತ್ತಾಯ್ತಮ್ಮಾ, ನೀ ಹಾಸ್ಟೆಲಿಗಿ ಹೋಗು" ಅನ್ನುತ್ತಾರೆ. "ಹೆಣ್ಮಕ್ಕಳ ಕೂಡ ಹೆಣ್ಮಕ್ಕಳೇ ಚಲೋ ಮಾತಾಡ್ತಾರ, ನೀ ವಾರ್ಡ್ ನೋಡ್ಕೋ" ಅನ್ನುತ್ತಾರೆ. ಅಪ್ಪನ ಮಾತಿನ ಹಾಗೆ ಕೇಳುತ್ತದೆ. ಆದರೆ ಆ ಪ್ರತಿ ಮಾತಿಗೂ ಒಂದು ಆಪರೇಷನ್ ಬೇರೆಯವರ ಕೈಗೆ ಹೋಗಿರುತ್ತದೆ. ಡ್ರೆಸ್ಸಿಂಗ್, ಡಿಸ್ಚಾರ್ಜ್ ಚೀಟಿ, ರೋಗಿಯ ಮನೆಯವರನ್ನು ಸಮಾಧಾನ ಮಾಡುವುದು ಇವರ ಪಾಲಿಗೆ. ಮಾಡದ ಕೆಲಸಕ್ಕೆ ಕೈ ಪಳಗುವುದು ಹೇಗೆ? ಅಪರೂಪಕ್ಕೆ ಚಾಕು ಕೈಗೆ ಬಂದಾಗ ಎದುರಿಗೆ ಅದೇ ಹಿರಿಯರು ನಿಂತು ನೋಡುತ್ತಾರೆ. ಆಗ ನಡುಗುತ್ತದೆ.

ಇನ್ನೊಂದು ಕಾರಣ ತೀರಾ ಸಣ್ಣದು. ಅದಕ್ಕೇ ನಮ್ಮಿಬ್ಬರ ಕಣ್ಣಿಗೂ ಬೇಗ ಬೀಳಲಿಲ್ಲ. ರೇಣುಕಾ ಅವರ ಕೈಗೆ ಬೇಕಾದದ್ದು ಆರನೇ ಸೈಜಿನ ಗ್ಲೌಸ್. ಓಟಿಯಲ್ಲಿ ಸಿಗುತ್ತಿದ್ದದ್ದು ಏಳು, ಏಳೂವರೆ. ಬೆರಳ ತುದಿಯಲ್ಲಿ ಗ್ಲೌಸ್ ಮಡಚಿಕೊಂಡು ಸಣ್ಣ ದಾರದ ಗಂಟಿನಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಟೇಬಲ್ ಎತ್ತರ ಎದುರಿಗಿರುವ ಆರಡಿ ಆಳಿಗೆ ಹೊಂದಿಸಿದ್ದು. ಐದಡಿಯ ಇವರು ಗಂಟೆಗಟ್ಟಲೆ ಭುಜ ಎತ್ತಿಕೊಂಡೇ ನಿಲ್ಲಬೇಕು. ಯಾರ ಕೈಯಾದರೂ ನಡುಗದೇ ಇರುತ್ತದೆಯೇ? ಸ್ಟೇಪ್ಲರ್‌ನಂಥ ಉಪಕರಣಗಳ ಹಿಡಿಯೂ ದೊಡ್ಡ ಕೈಗೆ ಅಂತಲೇ ಮಾಡಿದ್ದು. ಇದು ಕಲಬುರಗಿಯ ದೂರು ಮಾತ್ರ ಅಲ್ಲ, ಬೇರೆ ದೇಶಗಳ ಮಹಿಳಾ ಸರ್ಜನ್‌ಗಳೂ ಹೇಳುವ ಮಾತು.

"ನನಗ ಒಬ್ಬಾಕಿಗೇ ಹಿಂಗ ಅನ್ಕೊಂಡಿದ್ದೆ" ಅಂದರು. ಹಾಗಾಗಿ ಒಂದಿಷ್ಟು ವಿಷಯ ಹೇಳಿದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ಲೆಕ್ಕ: ಜಗತ್ತಿನ ಆರೋಗ್ಯ ಕ್ಷೇತ್ರದ ಕೆಲಸಗಾರರಲ್ಲಿ ಸುಮಾರು ಶೇ. 70 ಮಹಿಳೆಯರು, ಮೇಲಿನ ಹುದ್ದೆಗಳಲ್ಲಿ ಸುಮಾರು ಶೇ. 25 ಮಾತ್ರ. ಟೋಕಿಯೊದ ಒಂದು ವೈದ್ಯಕೀಯ ವಿಶ್ವವಿದ್ಯಾಲಯ ಹುಡುಗಿಯರ ಪ್ರವೇಶ ಪರೀಕ್ಷೆಯ ಅಂಕವನ್ನು ಬೇಕಂತಲೇ ತಗ್ಗಿಸುತ್ತಿದ್ದದ್ದು 2018ರಲ್ಲಿ ಹೊರಬಂತು. ಮದುವೆ, ಮಕ್ಕಳು ಅಂತ ಕೆಲಸ ಬಿಡ್ತಾರೆ ಅನ್ನುವುದೇ ಅದರ ಹಿಂದಿದ್ದ ಯೋಚನೆ. ಕೆನಡಾದ ಒಂಟಾರಿಯೊದಲ್ಲಿ 13 ಲಕ್ಷಕ್ಕೂ ಹೆಚ್ಚು ರೋಗಿಗಳ ದಾಖಲೆ ನೋಡಿದ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಮಹಿಳಾ ರೋಗಿಗಳಿಗೆ ಪುರುಷ ಸರ್ಜನ್ ಆಪರೇಷನ್ ಮಾಡಿದಾಗ, ಮಹಿಳಾ ಸರ್ಜನ್ ಮಾಡಿದ್ದಕ್ಕಿಂತ ತೊಂದರೆ ಆಗುವ ಸಂಭವ ಸುಮಾರು ಶೇ. 15 ಜಾಸ್ತಿ ಕಂಡಿತ್ತು. ಕಾರಣ ಏನು ಅಂತ ಆ ಅಧ್ಯಯನ ಸಾಬೀತು ಮಾಡಿಲ್ಲ. ಆದರೆ ಹೆಣ್ಣಿನ ಕೈ ಸರ್ಜರಿಗಲ್ಲ ಅನ್ನುವ ಮಾತಿಗೆ ಅಲ್ಲಿ ಆಧಾರ ಸಿಗಲಿಲ್ಲ. ಅಂಕಿ ಕೇಳಿದರೆ ನೋವು ಹೋಗುವುದಿಲ್ಲ. ತಪ್ಪು ನನ್ನದೇ ಅನ್ನುವ ಭಾರ ಮಾತ್ರ ಸ್ವಲ್ಪ ಇಳಿಯುತ್ತದೆ.

ಅವರಿಗೆ ಹೆಚ್ಚು ನೆನಪಲ್ಲಿ ಉಳಿದದ್ದು ಅವರೇ ಹೇಳಿದ ಒಂದು ಸಂಗತಿ. ಚಿಂಚೋಳಿ ಕಡೆಯ ಹೆಂಗಸೊಬ್ಬರು ಎದೆಯ ಗಂಟನ್ನು ಒಂದು ವರ್ಷ ಸೀರೆಯ ಸೆರಗಲ್ಲೇ ಮುಚ್ಚಿಟ್ಟುಕೊಂಡಿದ್ದರಂತೆ. "ಗಂಡಸು ಡಾಕ್ಟರಿಗಿ ಹ್ಯಾಂಗ ತೋರಿಸ್ಲೆವ್ವಾ" ಅಂದರಂತೆ. ಅದನ್ನು ಹೇಳುವಾಗ ರೇಣುಕಾ ಮೊದಲ ಬಾರಿಗೆ ಸಿಟ್ಟಾದರು. ನನಗೆ ಆ ಸಿಟ್ಟು ಒಳ್ಳೆಯ ಲಕ್ಷಣವಾಗಿ ಕಂಡಿತು.

ಇನ್ನು ಸಲಹೆ. ಮೊದಲು ಗ್ಲೌಸ್. ಆರನೇ ಸೈಜಿನ ಒಂದು ಬಾಕ್ಸ್ ಸದ್ಯಕ್ಕೆ ನೀವೇ ಕೊಳ್ಳಿ, ಆದರೆ ಸ್ಟೋರಿಗೆ ಲಿಖಿತ ಬೇಡಿಕೆಯನ್ನೂ ಕೊಡಿ. ಸ್ವಂತ ದುಡ್ಡಿನಲ್ಲಿ ಮುಗಿಸಿಬಿಟ್ಟರೆ ಮುಂದಿನ ಹುಡುಗಿಗೂ ಇದೇ ಗತಿ. ನಿಲ್ಲಲು ಒಂದು ಮಣೆ ಕೇಳಿ. ಮಣೆ ಕೇಳುವುದು ಕೀಳಲ್ಲ.

ಎರಡನೆಯದು ಅವರಿಗೆ ಕಷ್ಟದ್ದು. ಲಾಗ್‌ಬುಕ್‌ನ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ವಿಭಾಗದ ಮುಖ್ಯಸ್ಥರ ಬಳಿ ಹೋಗುವುದು. ಯಾರ ಮೇಲೂ ಆರೋಪ ಬೇಡ. "ಮುಂದಿನ ಅಪೆಂಡಿಕ್ಸ್, ಹರ್ನಿಯಾ ಕೇಸುಗಳನ್ನು ಸರದಿ ಪ್ರಕಾರ ಹಂಚಿ, ಸರದಿ ಪಟ್ಟಿ ಗೋಡೆಗೆ ಹಾಕಿ" ಅಂತ ಕೇಳಿದರೆ ಸಾಕು. ಈ ಮಾತನ್ನು ನನ್ನ ಕೋಣೆಯಲ್ಲಿ ಏಳೆಂಟು ಸಲ ಜೋರಾಗಿ ಹೇಳಿ ರೂಢಿ ಮಾಡಿಸಿದೆ. ಮೊದಮೊದಲು ಪ್ರತಿ ಸಲ "ಸಾರಿ ಸರ್" ಅಂತಲೇ ಶುರು ಮಾಡುತ್ತಿದ್ದರು.

ಮೈಮುಟ್ಟುವುದು, ಅಸಹ್ಯ ಮಾತು ಏನಾದರೂ ಇದೆಯೇ ಅಂತಲೂ ಕೇಳಿದೆ. ಇರಲಿಲ್ಲ. ಇದ್ದಿದ್ದರೆ ದಾರಿಯೇ ಬೇರೆ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಪ್ರಕಾರ ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆಯೆಲ್ಲ ಇಂಥ ದೂರು ವಿಚಾರಿಸುವ ಆಂತರಿಕ ಸಮಿತಿ ಇರಬೇಕು. ದೂರನ್ನು ಘಟನೆಯಾದ ಮೂರು ತಿಂಗಳೊಳಗೆ ಬರೆದು ಕೊಡಬೇಕು.

ಮನೆಯ ಮಾತೂ ಬಂತು. "ಸರ್ಜರಿ ಬಿಟ್ಟು ಪ್ರಸೂತಿ ವಿಭಾಗ ತಗೊಂಡಿದ್ರ ಚಲೋ ಇತ್ತು" ಅಂತ ಅತ್ತೆಗೆ ಬೇಸರ. ಗಂಡ ಒಂದು ಭಾನುವಾರ ಬೀದರ್‌ನಿಂದ ರೈಲಿನಲ್ಲಿ ಬಂದರು. ಹೆಂಡತಿಗೆ ನಿದ್ದೆಯೇ ಬರುತ್ತಿಲ್ಲ ಅನ್ನುವುದು ಅವರಿಗೆ ಗೊತ್ತೇ ಇರಲಿಲ್ಲ. ಮಗುವಿನ ವಿಷಯ ಪರೀಕ್ಷೆ ಮುಗಿಯುವವರೆಗೆ ಎತ್ತುವುದಿಲ್ಲ, ತಾಯಿಗೂ ನಾನೇ ಹೇಳ್ತೀನಿ ಅಂದರು. ಹೇಳಿದರು ಕೂಡ.

ಸರದಿ ಪಟ್ಟಿ ಎರಡು ವಾರ ತಡವಾಗಿ ಗೋಡೆಗೆ ಬಂತು. ಮುಖ್ಯಸ್ಥರು ಆ ಹಾಳೆ ನೋಡಿ ಸುಮ್ನೆ ಕೂತುಬಿಟ್ಟರಂತೆ. ಆಮೇಲೆ, "ಇದು ನಂಗ ಗೊತ್ತೇ ಆಗಿಲ್ಲಮ್ಮಾ" ಅಂದರಂತೆ. ಆ ಹಿರಿಯ ವೈದ್ಯರು ಮಾತ್ರ ಕೆಲವು ದಿನ ಮಾತು ಬಿಟ್ಟರು. ಆ ದಿನಗಳಲ್ಲಿ ರೇಣುಕಾ ವಾರಕ್ಕೆ ಎರಡು ಸಲ ಬಂದರು. ಕೈ ನಡುಕ ಪೂರ್ತಿ ಹೋಗಿಲ್ಲ, ತುಂಬಾ ಕಡಿಮೆಯಾಗಿದೆ. ಪರೀಕ್ಷೆ ಪಾಸಾಯಿತು.

ಕಳೆದ ತಿಂಗಳು ಬಂದಾಗ ಬೇರೆಯದೇ ಪ್ರಶ್ನೆ ತಂದಿದ್ದರು. ಖಾಸಗಿ ಆಸ್ಪತ್ರೆಯೊಂದು ಕೆಲಸ ಕೊಡುತ್ತಿದೆ, ಆದರೆ ಅದೇ ಓದು ಇರುವ ಪುರುಷ ಸಹೋದ್ಯೋಗಿಗಿಂತ ಸಂಬಳ ಕಡಿಮೆ. ಜಗತ್ತಿನ ಆರೋಗ್ಯ ಕ್ಷೇತ್ರದಲ್ಲಿ ಮಹಿಳೆಯರು ಸರಾಸರಿ ಶೇ. 24 ಕಡಿಮೆ ಗಳಿಸುತ್ತಾರೆ ಅನ್ನುವ 2022ರ ವರದಿಯನ್ನು ಈ ಸಲ ಅವರೇ ನನಗೆ ಹೇಳಿದರು. ಒಂದೇ ಕೆಲಸಕ್ಕೆ ಒಂದೇ ಸಂಬಳ ಅನ್ನುವುದು ನಮ್ಮಲ್ಲಿ 1976ರಿಂದಲೇ ಕಾನೂನು ಅಂತ ನಾನು ಹೇಳಿದೆ. ಸಂಬಳ ಹೇಗೆ ನಿಗದಿ ಮಾಡಿದಿರಿ ಅಂತ ಕೇಳಿ ಒಂದು ಪತ್ರ ಬರೆಯಲು ಕೂತೆವು. ಮೊದಲ ಸಾಲಿನಲ್ಲಿ "ಕ್ಷಮಿಸಿ" ಅಂತಿತ್ತು. ಅವರೇ ಹೊಡೆದು ಹಾಕಿದರು.